ಲಸಿಕೆ ಸಂಶೋಧಕಿಯಾಗಲು ಎಷ್ಟು ವರ್ಷ?

ಪ್ರಶ್ನೆ: ಮಗಳು ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದಾಳೆ. ಮಕ್ಕಳ ಸೋಂಕು ರೋಗ ಓದಿ ಲಸಿಕೆ ಸಂಶೋಧನೆಗೆ ಹೋಗುತ್ತೇನೆ ಎನ್ನುತ್ತಾಳೆ. ದಾರಿ ಯಾವುದು, ಎಷ್ಟು ವರ್ಷ ಹಿಡಿಯುತ್ತದೆ?
– ಒಬ್ಬ ತಾಯಿ, ಹಾವೇರಿ

ಉತ್ತರ: ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ನೀಟ್ ಪಿಜಿ ಬರೆದು ಮಕ್ಕಳ ವಿಭಾಗದಲ್ಲಿ ಎಂಡಿ 3 ವರ್ಷ. ಆಮೇಲೆ ಸೋಂಕು ರೋಗಗಳಲ್ಲಿ ಡಿಎಂ (ಎಂಡಿ ನಂತರದ ಉನ್ನತ ಪದವಿ, ಮತ್ತೆ 3 ವರ್ಷ) ಇಲ್ಲವೇ ಫೆಲೋಶಿಪ್. ಇದು ಓದಿನ ಲೆಕ್ಕ. ಲಸಿಕೆಯ ಲೆಕ್ಕ ಬೇರೆ.

ಮಕ್ಕಳಲ್ಲಿ ಭೇದಿ ತರುವ ರೋಟಾವೈರಸ್‌ನ ಲಸಿಕೆಯನ್ನೇ ನೋಡಿ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ವೈದ್ಯ ಎಂ.ಕೆ. ಭಾನ್ ಅವರ ತಂಡಕ್ಕೆ, ಸೋಂಕು ತಗುಲಿಯೂ ಭೇದಿಯಾಗದ ನವಜಾತ ಶಿಶುಗಳಲ್ಲಿ ಈ ವೈರಸ್‌ನ 116ಇ ಎಂಬ ತಳಿ ಸಿಕ್ಕಿತು; ಲಸಿಕೆಗೆ ಬಳಸಿದ್ದು ಇದನ್ನೇ. ನಮ್ಮ ಬೆಂಗಳೂರಿನ ಶಿಶುಗಳಲ್ಲೂ ಐ321 ಎಂಬ ತಳಿ ಸಿಕ್ಕಿತ್ತು; ಆದರೆ ಪರೀಕ್ಷೆಯಲ್ಲಿ ಅದು ಸಾಕಷ್ಟು ಪ್ರತಿಕಾಯ ಹುಟ್ಟಿಸದೆ ಹಿಂದುಳಿಯಿತು. 116ಇ ಲಸಿಕೆಯ ಮೂರನೇ ಹಂತದ ಪರೀಕ್ಷೆ 2011ರಲ್ಲಿ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ಶುರುವಾಯಿತು: 6,799 ಶಿಶುಗಳು, ಮೂರರಲ್ಲಿ ಎರಡಕ್ಕೆ ಲಸಿಕೆ, ಒಂದಕ್ಕೆ ಹೋಲಿಕೆಗಾಗಿ ಹುಸಿಮದ್ದು (ಲಸಿಕೆಯಿಲ್ಲದ ಹನಿ). ತೀವ್ರ ರೋಟಾವೈರಸ್ ಭೇದಿ ಅರ್ಧಕ್ಕಿಂತ ತುಸು ಹೆಚ್ಚೇ ತಗ್ಗಿತು. ಸರ್ಕಾರಿ ಲಸಿಕೆ ಕಾರ್ಯಕ್ರಮ ಸೇರಿದ್ದು 2016ರಲ್ಲಿ. ಸುಮಾರು ಮೂವತ್ತು ವರ್ಷ!

ದಿನದ ಕೆಲಸದಲ್ಲಿ ಸೂಕ್ಷ್ಮದರ್ಶಕಕ್ಕಿಂತ ಕಾಗದಪತ್ರ, ಓಡಾಟವೇ ಹೆಚ್ಚು. ಹೆತ್ತವರ ಲಿಖಿತ ಒಪ್ಪಿಗೆ, ಪರೀಕ್ಷೆಗೆ ಮೊದಲ ಮಗು ಸೇರುವ ಮುನ್ನವೇ ಸಿಟಿಆರ್‌ಐನಲ್ಲಿ (ದೇಶದ ವೈದ್ಯಕೀಯ ಪರೀಕ್ಷೆಗಳ ದಾಖಲೆ ಪಟ್ಟಿ) ನೋಂದಣಿ, ಭೇದಿಯಾದಾಗಲೆಲ್ಲ ಮಲದ ಮಾದರಿ. ಎಡವುವುದೂ ಇಲ್ಲೇ: ಕುಟುಂಬ ಊರು ಬಿಟ್ಟರೆ ಮಗು ಲೆಕ್ಕದಿಂದ ಜಾರುತ್ತದೆ, ಮಾದರಿ ತಡವಾದರೆ ವೈರಸ್ ಸಿಗದೆ ಹೋಗಬಹುದು.

ಸದ್ಯಕ್ಕೆ ಮಗಳು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಟಿಎಸ್ ಯೋಜನೆಗೆ ಅರ್ಜಿ ಹಾಕಲಿ. ವೈದ್ಯ ವಿದ್ಯಾರ್ಥಿಗಳಿಗೆಂದೇ ಇರುವ ಎರಡು ತಿಂಗಳ ಸಂಶೋಧನೆ. ಜೊತೆಗೆ ಸಂಖ್ಯಾಶಾಸ್ತ್ರ ಕಲಿಯಲಿ.