ಹಾವಿನ ಹಿಂದೆ ತಿಂಗಳುಗಟ್ಟಲೆ ಸುತ್ತುವ ವಿಜ್ಞಾನಿಗಳಿಗೆ ಸಿಗುವುದಾದರೂ ಏನು?

ನೀವು ಕೇಳಿದ್ದು ಎರಡು ವಿಷಯ. ಬಿಲ ಸೇರಿದರೆ ಕಣ್ಣಿಗೇ ಬೀಳದ ಹಾವನ್ನು ಸಂಶೋಧಕರು ಹೇಗೆ ಹಿಂಬಾಲಿಸುತ್ತಾರೆ ಅಂತ ಒಂದು. ಅದರಿಂದ ನಮ್ಮಂಥ ಹೊಲದವರಿಗೆ ಏನು ಬಂತು ಅಂತ ಇನ್ನೊಂದು.

ನಾನು ವಿಜ್ಞಾನಿ ಅಲ್ಲ. ಗಂಗಾವತಿ ಹತ್ತಿರದ ಹಳ್ಳಿಯವನು, ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹನ್ನೊಂದು ವರ್ಷದಿಂದ ಮನೆಗೆ ಹೊಕ್ಕ ಹಾವು ಹಿಡಿಯುವ ಕೆಲಸವೂ ಅಂಟಿಕೊಂಡಿದೆ. ಮೂರು ವರ್ಷದ ಹಿಂದೆ ಮಲೆನಾಡಿನಲ್ಲಿ ಹಾವಿನ ಬಗ್ಗೆ ಓದುತ್ತಿದ್ದ ಪರಿಚಯದವರೊಬ್ಬರ ಜೊತೆ ಐದು ದಿನ ಆಂಟೆನಾ ಹೊತ್ತು ತಿರುಗಿದೆ. ಅಲ್ಲಿಂದ ಬಂದ ಮೇಲೆ ನನ್ನ ಕೆಲಸದ ಮೇಲೆ ನನಗಿದ್ದ ಹೆಮ್ಮೆ ಅರ್ಧ ಇಳಿದುಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಹಿಂಬಾಲಿಸುವ ವಿಷಯ. ಹುಲಿಗಾದರೆ ಕೊರಳಿಗೆ ಪಟ್ಟಿ ಕಟ್ಟಬಹುದು. ಹಾವಿಗೆ ಕೊರಳೇ ಇಲ್ಲ, ಕಟ್ಟಿದ್ದು ಜಾರಿ ಹೋಗುತ್ತದೆ. ಮೈಮೇಲೆ ಅಂಟಿಸಿದರೆ ಪೊರೆ ಬಿಡುವಾಗ ಪೊರೆಯ ಜೊತೆ ಅದೂ ಕಳಚಿ ಬೀಳುತ್ತದೆ. ನಮ್ಮ ಮೊಬೈಲಿನಲ್ಲಿರುವ ಜಿಪಿಎಸ್ ಹಾಕಬಹುದಲ್ವಾ ಅಂತ ನಾನೂ ಕೇಳಿದ್ದೆ. ಅದಕ್ಕೆ ಉಪಗ್ರಹದ ಸಿಗ್ನಲ್ ಬೇಕು. ಹಾವು ದಿನದ ಬಹುಪಾಲು ನೆಲದೊಳಗೋ ಕಲ್ಲಿನ ಸಂದಿಯಲ್ಲೋ ಇರುತ್ತದೆ, ಅಲ್ಲಿಗೆ ಆ ಸಿಗ್ನಲ್ ಮುಟ್ಟುವುದಿಲ್ಲ.

ಹಾಗಾಗಿ ಚಿಕ್ಕ ರೇಡಿಯೋ ಟ್ರಾನ್ಸ್‌ಮಿಟರ್ ಒಂದನ್ನು ಹಾವಿನ ಹೊಟ್ಟೆಯೊಳಗೇ ಇಡುತ್ತಾರೆ. ಈ ವಿಧಾನ 1982ರಲ್ಲಿ ಒಂದು ಹದಕ್ಕೆ ಬಂತು. ಈಗಲೂ ಹೆಚ್ಚುಕಡಿಮೆ ಅದೇ ನಡೆಯುತ್ತಿದೆ. ಮೊದಲು ಹಾವನ್ನು ಪಾರದರ್ಶಕ ಪೈಪಿನೊಳಗೆ ನುಗ್ಗುವಂತೆ ಮಾಡುತ್ತಾರೆ. ಅದರ ಮೈ ದಪ್ಪಕ್ಕೆ ಸರಿಯಾದ ಪೈಪೇ ಬೇಕು, ಸಡಿಲವಿದ್ದರೆ ತಿರುಗಿ ಬಂದುಬಿಡುತ್ತದೆ. ಅರ್ಧ ಹೋದ ಮೇಲೆ ಪೈಪನ್ನೂ ಹಾವನ್ನೂ ಸೇರಿಸಿ ಹಿಡಿದರೆ ತಲೆ ಒಳಗೆ, ಬಾಲ ಹೊರಗೆ. ಆ ಪೈಪಿಗೇ ಮಂಪರಿನ ಗ್ಯಾಸ್ ಬಿಡುತ್ತಾರೆ. ಪಶುವೈದ್ಯರು ಪಕ್ಕದಲ್ಲಿ ಸಣ್ಣದಾಗಿ ಕೊಯ್ದು, ಟ್ರಾನ್ಸ್‌ಮಿಟರ್ ಒಳಗಿಟ್ಟು, ಅದರ ಕೂದಲಿನಂಥ ತಂತಿಯನ್ನು ಚರ್ಮದ ಅಡಿ ಸೇರಿಸಿ ಹೊಲಿಗೆ ಹಾಕುತ್ತಾರೆ. ಯಂತ್ರದ ತೂಕ ಹಾವಿನ ತೂಕದ ನೂರಕ್ಕೆ ಮೂರೋ ನಾಲ್ಕೋ ಪಾಲು ದಾಟಬಾರದು. ಚೇತರಿಸಿಕೊಂಡ ಮೇಲೆ ಹಿಡಿದ ಜಾಗಕ್ಕೇ ಒಯ್ದು ಬಿಡುತ್ತಾರೆ. ಆ ಊರಿಗೆ ಅಂತಲ್ಲ, ಆ ಬಿಲದ ಬಾಯಿಗೆ. ಈ 'ಹಿಡಿದ ಜಾಗಕ್ಕೇ' ಅನ್ನುವ ಮಾತು ನೆನಪಿಟ್ಟುಕೊಳ್ಳಿ.

ಇದೆಲ್ಲ ಸರ್ಕಾರದ ಅನುಮತಿ ಇಲ್ಲದೆ ಆಗುವ ಕೆಲಸವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವುಗಳಿಗೂ ಇದೆ.

ಆಮೇಲೆ ಶುರುವಾಗುವುದೇ ನಿಜವಾದ ಕೆಲಸ. ಹಿಂದೆ ನಮ್ಮ ಮನೆ ಮಾಳಿಗೆ ಮೇಲೆ ದೂರದರ್ಶನಕ್ಕೆ ಅಂತ ನಿಲ್ಲಿಸುತ್ತಿದ್ದೆವಲ್ಲ, ಮೀನಿನ ಮುಳ್ಳಿನಂಥ ಆಂಟೆನಾ, ಅದೇ ಜಾತಿಯದ್ದನ್ನು ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿಸುತ್ತಾ ನಡೆಯಬೇಕು. ಪೆಟ್ಟಿಗೆಯಲ್ಲಿ 'ಟಿಕ್ ಟಿಕ್' ಅಂತ ಸದ್ದು. ಒಂದೊಂದು ಹಾವಿಗೂ ಒಂದೊಂದು ಸ್ಟೇಷನ್ ನಂಬರ್ ಇದ್ದ ಹಾಗೆ. ಸದ್ದು ಜೋರಾದ ಕಡೆ ಹೋಗಬೇಕು. ತೀರಾ ಹತ್ತಿರ ಹೋಗಿ ಅದನ್ನು ಎಬ್ಬಿಸಬಾರದು. ಎಬ್ಬಿಸಿದರೆ ಆ ದಿನದ ಲೆಕ್ಕ ಕೆಟ್ಟಂತೆ. ಯಾಕೆಂದರೆ ಆಗ ನೀವು ಬರೆದುಕೊಳ್ಳುವುದು ಹಾವಿನ ಬದುಕನ್ನಲ್ಲ, ನಿಮಗೆ ಹೆದರಿ ಓಡಿದ ಹಾವನ್ನು.

ನಾನು ಟಿವಿಯಲ್ಲಿ ನೋಡಿದ ಹಾಗೆ ರೋಚಕವಾಗಿ ಏನೋ ಇರುತ್ತದೆ ಅಂದುಕೊಂಡು ಹೋಗಿದ್ದೆ. ಮೊದಲ ದಿನ ಮೂರು ತಾಸು ನಡೆದು ಒಂದು ಬಿದಿರ ಮೆಳೆ ಹತ್ತಿರ ಮುಟ್ಟಿದೆವು. ಸದ್ದು ಒಳಗಿಂದ ಬರುತ್ತಿತ್ತು. ಹಾವು ಕಾಣಲಿಲ್ಲ. ಅವರು ಸಮಯ, ಬಿಸಿಲು, ತೇವ, ಸುತ್ತ ಏನೇನು ಗಿಡ ಇದೆ ಎಲ್ಲ ಬರೆದುಕೊಂಡರು. ಎರಡನೇ ದಿನ ಅದೇ ಮೆಳೆ. ಮೂರನೇ ದಿನವೂ ಅದೇ. ನಾಲ್ಕನೇ ದಿನ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ಹೋದರೂ ಅದು ಅಲ್ಲೇ. ನನಗೆ ಬೇಜಾರು. ಅವರಿಗೆ ಖುಷಿ! ಅಲ್ಲೇ ಇದೆ ಅನ್ನುವುದೂ ಸುದ್ದಿಯೇ, ದೊಡ್ಡ ಊಟ ಆಗಿರಬೇಕು, ಇಲ್ಲ ಪೊರೆ ಬಿಡುವ ಸಮಯ ಇರಬೇಕು ಅಂದರು. ಹಾವಿನ ಬದುಕಿನಲ್ಲಿ ಜಾಸ್ತಿ ಭಾಗ ಸುಮ್ನೆ ಇರುವುದೇ. ನಾವು ನೋಡುವುದು ಅದು ಹರಿದು ಹೋಗುವ ಎರಡು ನಿಮಿಷ ಮಾತ್ರ.

ಟ್ರಾನ್ಸ್‌ಮಿಟರ್ ಎಲ್ಲದಕ್ಕೂ ಹಾಕಲು ಆಗುವುದಿಲ್ಲ, ಸಣ್ಣ ಹಾವಿಗೆ ಭಾರ. ಅವುಗಳಿಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಸೂಜಿಯಿಂದ ಚರ್ಮದೊಳಗೆ ಸೇರಿಸುತ್ತಾರೆ. ಬ್ಯಾಟರಿ ಇಲ್ಲ. ಮತ್ತೆ ಸಿಕ್ಕಾಗ ಯಂತ್ರ ಹಿಡಿದರೆ ನಂಬರ್ ಹೇಳುತ್ತದೆ, ಅಂಗಡಿಯ ಬಾರ್‌ಕೋಡಿನ ಹಾಗೆ.

ಕರ್ನಾಟಕದಲ್ಲೇ ಇಂಥ ಕೆಲಸ ಸಾಕಷ್ಟು ಆಗಿದೆ. ಆಗುಂಬೆಯಲ್ಲಿ ಹಾವುಗಳ ತಜ್ಞ ರಾಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಿಂದ ಕಾಳಿಂಗಗಳಿಗೆ ರೇಡಿಯೋ ಹಾಕಿ ಹಿಂಬಾಲಿಸಿದರು. ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವ, ಬೇರೆ ಹಾವುಗಳನ್ನೇ ತಿಂದು ಬದುಕುವ ಹಾವು ಅದು. ಹುಣಸೂರು ಕಡೆ ಹೊಲಗಳ ನಡುವೆ ಇರುವ ಕೊಳಕುಮಂಡಲಗಳಿಗೂ ಹೀಗೇ ಮಾಡಿದ್ದಾರೆ. ಇನ್ನೊಂದು ಸುದ್ದಿ, ನನಗೆ ತುಂಬಾ ಇಷ್ಟವಾದದ್ದು: ಕಾಳಿಂಗ ಒಂದೇ ಜಾತಿ ಅಲ್ಲ, ನಾಲ್ಕು ಅಂತ 2024ರಲ್ಲಿ ಬೇರೆ ಮಾಡಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರು 'ಒಫಿಯೊಫೇಗಸ್ ಕಾಳಿಂಗ'. ಲ್ಯಾಟಿನ್ ಹೆಸರಿನ ಬಾಲಕ್ಕೆ ನಮ್ಮ ಕನ್ನಡದ ಪದ!

ಈಗ ನಿಮ್ಮ ಎರಡನೇ ಪ್ರಶ್ನೆ.

ನಾನು ಮೊದಲು ಹಾವು ಹಿಡಿದರೆ ದೂರ ಒಯ್ದು ಬಿಡುತ್ತಿದ್ದೆ. ಎಷ್ಟು ದೂರವೋ ಅಷ್ಟು ಪುಣ್ಯ. ಆನೆಗೊಂದಿ ಆಚೆ ಬಂಡೆಗುಡ್ಡಗಳಿಗೆ ಬೈಕಿನಲ್ಲಿ ಇಪ್ಪತ್ತು ಕಿಲೋಮೀಟರ್ ಹೋಗಿ, ಫೋಟೋ ತೆಗೆಸಿಕೊಂಡು ಬಿಡುತ್ತಿದ್ದೆ. ಮನೆಯವರಿಗೆ ನೆಮ್ಮದಿ, ನನಗೆ ಲೈಕು. ಒಂದು ಸಲ ಗುಡ್ಡದ ಬುಡದಲ್ಲಿ ಚೀಲ ಬಿಚ್ಚಿ ದಪ್ಪ ಮಂಡಲದ ಹಾವೊಂದನ್ನು ಬಿಡುತ್ತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು ಕೋಲೂರಿ ನಿಂತು ನೋಡುತ್ತಿದ್ದರು. "ಯಪ್ಪಾ, ನಿಮ್ಮೂರ ಹಾವು ತಂದು ನಮ್ಮ ದೊಡ್ಡಿ ಬಾಜೂಕ ಬಿಡಾಕ ಹತ್ತೀಯಲ್ಲ, ನಾವೇನ್ ಮಂದಿ ಅಲ್ಲೇನು?" ಅಂದರು. ನನಗೆ ಸಿಟ್ಟು ಬಂತು. ತಿಳಿವಳಿಕೆ ಇಲ್ಲದ ಮನುಷ್ಯ ಅಂದುಕೊಂಡು ಬಂದೆ.

ಆಂಟೆನಾ ಹೊತ್ತ ಆ ಐದು ದಿನದಲ್ಲಿ, ಒಂದು ರಾತ್ರಿ ಊಟಕ್ಕೆ ಕೂತಾಗ ಇದನ್ನು ಜಂಬದಿಂದ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಲ್ಯಾಪ್‌ಟಾಪ್ ತೆಗೆದು ಒಂದು ನಕ್ಷೆ ತೋರಿಸಿದರು. ಹಿಡಿದಲ್ಲೇ ಬಿಟ್ಟ ಹಾವಿನ ಚುಕ್ಕೆಗಳೆಲ್ಲ ಒಂದು ಸೀಮೆಯೊಳಗೇ ಮತ್ತೆ ಮತ್ತೆ ಬಿದ್ದಿದ್ದವು. ಅದೇ ಬಿಲ, ಅದೇ ಹಳ್ಳ, ಅದೇ ಬೇಲಿ. ದೂರ ಒಯ್ದು ಬಿಟ್ಟದ್ದರ ಗೆರೆ ಮಾತ್ರ ಕುಡಿದವನು ನಡೆದ ಹಾಗೆ ಎತ್ತಲೋ ಹೋಗಿತ್ತು. ಆಗುಂಬೆಯ ಕಾಳಿಂಗಗಳಲ್ಲೂ, ಬೇರೆ ದೇಶದ ಹಾವುಗಳಲ್ಲೂ ಹೀಗೇ ಕಂಡಿದೆಯಂತೆ. ಹೊಸ ಜಾಗದಲ್ಲಿ ಇಲಿ ಎಲ್ಲಿ, ಅಡಗಲು ಬಿಲ ಎಲ್ಲಿ ಅಂತ ಅದಕ್ಕೆ ಗೊತ್ತಿಲ್ಲ. ಹುಡುಕುತ್ತಾ ಅಲೆಯುತ್ತದೆ. ರಸ್ತೆ ದಾಟುತ್ತದೆ, ಗಾಡಿಗೆ ಸಿಗುತ್ತದೆ, ಯಾರದ್ದೋ ದೊಡ್ಡಿಗೆ ನುಗ್ಗುತ್ತದೆ. ಅಂದರೆ ಆ ಕುರಿಗಾಹಿ ಹೇಳಿದ್ದೇ ಸರಿ. ಅವರು ಮನುಷ್ಯರ ಕಡೆಯಿಂದ ಹೇಳಿದ್ದರು, ನಕ್ಷೆ ಹಾವಿನ ಕಡೆಯಿಂದ ಹೇಳಿತು. ನಾನು ಉಳಿಸಿದೆ ಅಂದುಕೊಂಡ ಹಾವುಗಳಲ್ಲಿ ಎಷ್ಟು ಸತ್ತವೋ.

ಈಗ ಹಿಡಿದರೆ ಹತ್ತಿರದ ಕಾಲುವೆ ದಂಡೆಗೋ, ಬೇಲಿಗೋ ಬಿಡುತ್ತೇನೆ. ಅರಣ್ಯ ಇಲಾಖೆಯವರಿಗೆ ಒಂದು ಮಾತು ತಿಳಿಸುತ್ತೇನೆ. ಮನೆಯವರನ್ನು ಒಪ್ಪಿಸುವುದೇ ಕಷ್ಟ. "ಇಷ್ಟು ಹತ್ರ ಬಿಟ್ರೆ ಮತ್ತ ಬರಂಗಿಲ್ಲೇನು?" ಅಂತಾರೆ. ನೀವು ಇದನ್ನು ದೂರ ಬಿಟ್ಟರೂ ಭತ್ತದ ಹುಲ್ಲು, ಚೀಲದ ರಾಶಿ, ಇಲಿ ಇರುವ ತನಕ ಇನ್ನೊಂದು ಬರುತ್ತದೆ ಅಂತ ಹೇಳುತ್ತೇನೆ. ಅರ್ಧ ಜನ ಕೇಳುತ್ತಾರೆ. ಇನ್ನರ್ಧ ಜನ ಮುಂದಿನ ಸಲ ಬೇರೆಯವರಿಗೆ ಫೋನ್ ಮಾಡುತ್ತಾರೆ.

ಇನ್ನೂ ನೇರವಾದ ಲಾಭ ಬೇಕೆಂದರೆ ಹಾವು ಕಡಿತ ನೋಡಿ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಅಂತ 2020ರಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿತು. ಹೆಚ್ಚಿನವರು ಹಳ್ಳಿಯವರು, ಅದೂ ಮಳೆಗಾಲದಲ್ಲಿ. ಕರ್ನಾಟಕ 2024ರ ಫೆಬ್ರುವರಿಯಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಮಾಡಿದೆ. ಯಾವ ಹಾವು ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಅಂತ ಗೊತ್ತಾದರೆ ನಾವು ಕಾಲಿಡುವ ರೀತಿ ಬದಲಾಗುತ್ತದೆ. ಕೊಳಕುಮಂಡಲ (ನಮ್ಮ ಕಡೆ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗಿನವರು ರಕ್ತ ಪಿಂಜರಿ ಅನ್ನುತ್ತಾರೆ) ಬೇಟೆಗೆ ಓಡಾಡುವುದು ಕಡಿಮೆ. ಇಲಿ ಓಡಾಡುವ ದಾರಿಯಲ್ಲಿ ಒಣಗಿದ ಎಲೆಯ ಬಣ್ಣದಲ್ಲೇ ಸುತ್ತಿಕೊಂಡು ಕಾಯುತ್ತದೆ. ನೀವು ಬಂದರೂ ಜಾಗ ಬಿಡುವುದಿಲ್ಲ, ಕುಕ್ಕರ್ ಹಾಗೆ ಬುಸ್ ಅನ್ನುತ್ತದೆ. ರಾತ್ರಿ ನೀರು ಕಟ್ಟಲು ಹೋಗುವವರಿಗೆ ಟಾರ್ಚ್ ಮತ್ತು ಗಂಬೂಟ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ. ಕಟ್ಟುಹಾವು ರಾತ್ರಿಯದ್ದು. ನೆಲದ ಮೇಲೆ ಮಲಗಿದವರಿಗೆ ನೋವೇ ಗೊತ್ತಾಗದ ಹಾಗೆ ಕಚ್ಚುತ್ತದೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು ಕಂಡರೆ ಗ್ಯಾಸ್ಟ್ರಿಕ್ ಅಂತ ಕೂರಬಾರದು. ಸೊಳ್ಳೆಪರದೆಯನ್ನು ಚಾಪೆಯ ಅಡಿಗೆ ಸಿಕ್ಕಿಸಿ ಮಲಗಿದರೆ ಒಂದೇ ಏಟಿಗೆ ಎರಡು ಕೆಲಸ. ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಬೇರು ನುಂಗಬೇಡಿ. ವಿಷಕ್ಕೆ ಮದ್ದು ಇರುವುದು ಆಸ್ಪತ್ರೆಯಲ್ಲಿ.

ಆ ಮದ್ದಿಗೂ ಹಾವಿನ ಅಧ್ಯಯನಕ್ಕೂ ನಂಟಿದೆ. ಮದ್ದು ಮಾಡಲು ಬೇಕಾದ ವಿಷದಲ್ಲಿ ಬಹುಪಾಲು ಚೆನ್ನೈ ಹತ್ತಿರ ಇರುಳ ಬುಡಕಟ್ಟಿನವರು ನಡೆಸುವ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ನಮ್ಮ ಎರೆಹೊಲದ ಹಾವಿಗೆ ಅಲ್ಲಿನ ಮದ್ದು ಎಷ್ಟು ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಇಲ್ಲಿನ ಹಾವನ್ನೇ ಓದಬೇಕು.

ಒಂದು ತಮಾಷೆಯದ್ದೂ ಹೇಳಬೇಕು. ಕೇರೆ ಹಾವು ನಾಗರಹಾವನ್ನು ಕೂಡುತ್ತದೆ, ಹೆಣೆದುಕೊಂಡಾಗ ಮೇಲೆ ಹೊಸ ಬಟ್ಟೆ ಹಾಕಿ ಪೆಟ್ಟಿಗೆಯಲ್ಲಿಟ್ಟರೆ ದುಡ್ಡು ತಪ್ಪುವುದಿಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಹಾಗೆ ಎದ್ದು ನಿಂತು ಹೆಣೆದುಕೊಳ್ಳುವುದು ಸಾಮಾನ್ಯವಾಗಿ ಎರಡು ಗಂಡು ಕೇರೆಗಳ ಕುಸ್ತಿ. ಪಟ್ಟು ಹಾಕಿ ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತುತ್ತದೆ, ಸೋತದ್ದು ಜಾಗ ಬಿಡುತ್ತದೆ. ಕೇರೆಗೆ ವಿಷವೂ ಇಲ್ಲ. ಪಂಚಮಿಗೆ ಉಂಡಿ ತಿನ್ನುತ್ತಾ ಇದನ್ನು ಮನೆಯಲ್ಲಿ ಹೇಳಿದೆ. ಅಜ್ಜಿ, "ಹಂಗಾರ ನಿಮ್ಮಜ್ಜ ಇಟ್ಟಿದ್ದ ಟವೆಲ್ಲು ಸುಮ್ನೆ ಆತು" ಅಂದರು.

ನನ್ನ ಹತ್ತಿರ ಟ್ರಾನ್ಸ್‌ಮಿಟರ್ ಇಲ್ಲ, ಹಾಕುವ ಅನುಮತಿಯೂ ಇಲ್ಲ. ಒಂದು ನೋಟ್‌ಬುಕ್ ಇಟ್ಟಿದ್ದೇನೆ ಅಷ್ಟೇ. ನಮ್ಮ ಗದ್ದೆಯ ಬದುವಿನಲ್ಲಿ ಬಾಲದ ತುದಿ ತುಂಡಾದ ಕೇರೆ ಒಂದಿದೆ, ಗುರುತು ಹಿಡಿಯುವುದು ಸುಲಭ. ಎರಡು ವರ್ಷದಲ್ಲಿ ಮೂರು ಸಲ ಕಂಡಿತ್ತು. ಮೊನ್ನೆ ನಾಟಿ ದಿನ ನಾಲ್ಕನೇ ಸಲ. ಆಳುಗಳೆಲ್ಲ ಕೂಗಿ ಎದ್ದರು. ಅದು ನೀರಿಗಿಳಿದು ಹೋಯಿತು. ಬರೆದುಕೊಂಡೆ: ಮಧ್ಯಾಹ್ನ 12.10, ಮೋಡ, ಅದೇ ಬದು.