ಅತ್ತೆ ದೀಪ ಹಚ್ಚದ ಸಂಜೆಗಳು

ಮುಟ್ಟು ನಿಂತು ವರ್ಷಗಳು ಕಳೆದ ಮೇಲೆ ಮತ್ತೆ ರಕ್ತ ಕಂಡರೂ ತಿಂಗಳುಗಟ್ಟಲೆ ಬಾಯಿ ಬಿಡದ ಹೆಂಗಸರು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬರುವುದು ಹೊಸತಲ್ಲ. ಅವರು ಬರುವಾಗ ಹೇಳುವ ಕಾರಣವೇ ಬೇರೆ: ನಿದ್ದೆ ಹತ್ತುವುದಿಲ್ಲ, ಸೊಸೆಯೊಂದಿಗೆ ಹೊಂದುವುದಿಲ್ಲ, ಮನಸ್ಸಿಗೆ ಸಮಾಧಾನವಿಲ್ಲ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಮನೆಯವರ ಒಪ್ಪಿಗೆ ಪಡೆದು ಇಂಥ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಕೊಟ್ಟ ಸಲಹೆಗೆ ನನ್ನ ವೃತ್ತಿಯವರಿಂದಲೇ ಆಕ್ಷೇಪ ಬಂದುದರಿಂದ, ಅದನ್ನು ಏಕೆ ಕೊಟ್ಟೆನೆಂಬುದನ್ನೂ ಹೇಳಬೇಕಾಗಿದೆ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಮಗ, ಸೊಸೆಯರ ಜೊತೆ ಇರುವ, ಅರವತ್ತರ ಹತ್ತಿರದ ಮಹಿಳೆ ಅವರು, ಕುಂದಾಪುರದ ಕಡೆಯವರು. ಪತಿ ತೀರಿಕೊಂಡಿದ್ದಾರೆ. ಸಕ್ಕರೆ ಕಾಯಿಲೆಯಿದೆ, ಮೈಭಾರವೂ ಇದೆ. ಮುಟ್ಟು ನಿಂತು 6 ವರ್ಷವಾಗಿತ್ತು. ಮೊದಲು ನನ್ನಲ್ಲಿಗೆ ಬಂದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ. ಅತ್ತೆ ಕೆಲವು ದಿನ ಸಂಜೆ ದೇವರ ದೀಪ ಹಚ್ಚುವುದಿಲ್ಲ, ಮಂಡಿನೋವು ಎನ್ನುತ್ತಾರೆ. ಆದರೆ ಅದೇ ದಿನ ಅಟ್ಟದ ಮೇಲಿನ ಡಬ್ಬಿ ಇಳಿಸಲು ಸ್ಟೂಲು ಹತ್ತುತ್ತಾರೆ, ಉಪ್ಪಿನಕಾಯಿ ಭರಣಿಯನ್ನು ಮಾತ್ರ ತಾವು ಮುಟ್ಟದೆ ನನ್ನಿಂದ ತೆಗೆಸುತ್ತಾರೆ ಎಂದು ಅವರು ಹೇಳಿದರು. ಅತ್ತೆಗೆ ಮತ್ತೆ ರಕ್ತ ಕಾಣುತ್ತಿದೆ ಎಂಬ ಅವರ ಅನುಮಾನ ಸರಿಯಾಗಿತ್ತು. ಬಾಯಿಬಿಟ್ಟು ಕೇಳುವುದು ಹೇಗೆಂದಷ್ಟೇ ಅವರಿಗೆ ತೋಚಿರಲಿಲ್ಲ.

ಅತ್ತೆಯವರು ಎರಡನೆಯ ಭೇಟಿಯಲ್ಲಿ ವಿಷಯಕ್ಕೆ ಬಂದರು. ಅವರಲ್ಲಿ ವಿವರಣೆಗಳಿಗೆ ಬರವಿರಲಿಲ್ಲ. ಊರಿಗೆ ಹೋಗಿ ಬಿಸಿಲಲ್ಲಿ ಓಡಾಡಿದ್ದರಿಂದ ಉಷ್ಣವಾಗಿದೆ. ಬಾರ್ಲಿ ನೀರು, ಪುನರ್ಪುಳಿ ಪಾನಕ ಕುಡಿದೊಡನೆ ನಿಂತಿತು. ಎರಡು ವರ್ಷದ ಹಿಂದೆ ಆರೋಗ್ಯ ಶಿಬಿರದಲ್ಲಿ ಮಾಡಿಸಿದ ಪ್ಯಾಪ್ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನೋವಿಲ್ಲ. ಮೂರೂ ಕೇಳಲು ಸರಿಯಾಗಿಯೇ ಇವೆ, ಅಪಾಯವಿರುವುದೂ ಅಲ್ಲಿಯೇ; ಈ ರಕ್ತ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಇಂಥ ರಕ್ತಸ್ರಾವ ಬಿಟ್ಟು ಬಿಟ್ಟು ಕಾಣಿಸಿಕೊಳ್ಳುವುದರಿಂದ, ತಾನಾಗಿ ನಿಂತದ್ದರ ಕೀರ್ತಿ ಪಾನಕಕ್ಕೆ ಸಲ್ಲುತ್ತದೆ. ಪ್ಯಾಪ್ ಪರೀಕ್ಷೆ ಹುಡುಕುವುದು ಗರ್ಭಕೋಶದ ಕೊರಳಿನ ದೋಷವನ್ನು; ಒಳಪದರದ ಕ್ಯಾನ್ಸರ್ ಇಲ್ಲವೆಂದು ಅದರಿಂದ ಹೇಳಲಾಗದು. ಇನ್ನು ನೋವಿನ ಮಾತು: ಆರಂಭದ ಹಂತದಲ್ಲಿ ಈ ಕ್ಯಾನ್ಸರ್‌ನಲ್ಲಿ ಬಹಳಷ್ಟು ಸಲ ನೋವೇ ಇರುವುದಿಲ್ಲ.

ಇವನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಪರೀಕ್ಷೆಗೆ ಹೋಗುವ ಮಾತು ಬರಲಿಲ್ಲ. ಮಗನಿಗೆ ಯಾರಾದರೂ ಹೇಳಬೇಕಾಗುತ್ತದೆ, ಈ ವಯಸ್ಸಿಗೆ ನಾನು ಮತ್ತೆ ಹೊರಗಾದೆ ಎಂದು ಹೇಗೆ ಹೇಳಲಿ ಎಂದರು. ಆಗ ನಾನು, ನಾಚಿಕೆಯ ವಿಷಯವನ್ನು ಬದಿಗಿಟ್ಟು, ದೀಪ ಹಚ್ಚದ ದಿನಗಳಲ್ಲಿ ಮನಸ್ಸಿಗೆ ಹೇಗಿರುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಅವರು ಹೇಳಿದರು: “ಬೇಜಾರಾಗುತ್ತದೆ ಮೇಡಂ. ಕಾಯಿಲೆ ಆಗಿದ್ದರೆ ದೀಪ ಹಚ್ಚಲಿಕ್ಕೆ ಅಡ್ಡಿ ಇರಲಿಲ್ಲವಲ್ಲ. ಇದು ಮುಟ್ಟು, ಹಾಗಾಗಿ ಬಿಟ್ಟೆ.”

ಅಷ್ಟು ಹೊತ್ತು ನಾನು ಭಯವನ್ನು ಹುಡುಕುತ್ತಿದ್ದೆ. ಸಿಕ್ಕಿದ್ದು ಒಂದು ತೀರ್ಮಾನ. ಮುಟ್ಟೆಂದು ಅವರು ತೀರ್ಮಾನಿಸಿಯಾಗಿತ್ತು. ಮುಟ್ಟಿಗೆ ವೈದ್ಯರು ಬೇಡ, ಮೂರು ದಿನ ದೂರವಿದ್ದರೆ ಸಾಕು. ನಾನು ಕೇಳಿದೆ: “ಅಮ್ಮ, ಇದು ಮುಟ್ಟೆಂದು ನಿಮಗೆ ಹೇಳಿದವರು ಯಾರು?” ಯಾರೂ ಇಲ್ಲ ಎಂದರು. “12 ತಿಂಗಳು ಪೂರ್ತಿ ನಿಂತ ಮೇಲೆ ಕಾಣುವ ರಕ್ತವನ್ನು ವೈದ್ಯರು ಮುಟ್ಟೆಂದು ಒಪ್ಪುವುದಿಲ್ಲ, ಒಂದೇ ಸಲ ಒಂದು ಹನಿ ಕಂಡರೂ ಒಪ್ಪುವುದಿಲ್ಲ. ಹಾಗಿರುವಾಗ ನೀವು ಬಿಟ್ಟ ದೀಪವೆಲ್ಲ ಯಾವ ಲೆಕ್ಕಕ್ಕೆ?” ಅವರು ನನ್ನ ಮುಖ ನೋಡಿದರು. ಹಾಗಾದರೆ ಅದು ಏನೆಂದು ಗೊತ್ತು ಮಾಡಿಕೊಳ್ಳಬೇಕಲ್ಲ ಎಂದು ಅವರೇ ಅಂದರು.

ಆಕ್ಷೇಪ ಬಂದದ್ದು ಇದಕ್ಕೇ. ಮೈಲಿಗೆಯ ನಂಬಿಕೆಯನ್ನು ಪ್ರಶ್ನಿಸುವ ಬದಲು ಅದನ್ನೇ ಬಳಸಿಕೊಂಡೆ, ಆಪ್ತಸಲಹೆಗಾರರ ಕೆಲಸ ಇದಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಮುಟ್ಟಾದ ಹೆಂಗಸು ದೀಪ ಹಚ್ಚಬಾರದೆಂಬುದನ್ನು ನಾನೂ ಒಪ್ಪುವುದಿಲ್ಲ. ಕೇಳಿದ್ದರೆ ಹಾಗೆಯೇ ಹೇಳುತ್ತಿದ್ದೆ. ಆದರೆ ಅವರು ಅದನ್ನು ಕೇಳಲು ಬಂದಿರಲಿಲ್ಲ, ಮತ್ತು ಐವತ್ತು ವರ್ಷ ನಡೆದುಬಂದ ಆಚಾರದ ಕುರಿತು ವಾದ ಹೂಡಿದ್ದರೆ ಆ ವಾರದ ಸೋನೋಗ್ರಫಿ ತಪ್ಪಿಹೋಗುತ್ತಿತ್ತು. ನಾನು ಸುಳ್ಳು ಹೇಳಲಿಲ್ಲ. ಅವರ ನಂಬಿಕೆಯ ಒಳಗೇ ಇದ್ದ ಒಂದು ತಪ್ಪು ಮಾಹಿತಿಯನ್ನು ತಿದ್ದಿದೆ. ಇದರಲ್ಲಿ ನನಗೆ ಇಂದಿಗೂ ಅಳುಕಿಲ್ಲ.

ಸೊಸೆಗೆ ಕೊಟ್ಟ ಸಲಹೆ ಇನ್ನಷ್ಟು ಕಟುವಾಗಿತ್ತು. ಸಕ್ಕರೆಯ ತಪಾಸಣೆ ಎಂದು ನೆಪ ಹೇಳಿ ಕರೆದೊಯ್ಯುವ ಯೋಚನೆ ಅವರಿಗಿತ್ತು. ಬೇಡವೆಂದೆ. ಯೋನಿಯ ಮೂಲಕ ಮಾಡುವ ಸೋನೋಗ್ರಫಿಗೆ ಸಕ್ಕರೆಯ ನೆಪ ನಿಲ್ಲುವುದಿಲ್ಲ. ಒಳಪದರದ ಚೂರು ತೆಗೆದು ನೋಡುವ ಬಯಾಪ್ಸಿಯವರೆಗೆ ಹೋದರೆ ಸೊಸೆಯ ಮೇಲೆ ಅತ್ತೆಗಿರುವ ನಂಬಿಕೆಯೇ ಮುರಿಯುತ್ತದೆ, ಆಮೇಲಿನ ಪ್ರತಿ ಭೇಟಿಗೂ ಅವರನ್ನು ಎಳೆದೊಯ್ಯಬೇಕಾಗುತ್ತದೆ. ಏನೂ ಇರುವುದಿಲ್ಲ ಬಿಡಿ ಎಂಬ ಸಮಾಧಾನವೂ ಬೇಡವೆಂದೆ. ಇದ್ದ ಸಂಗತಿಯನ್ನೇ ಹೇಳಬಹುದು: ಇಂಥ ರಕ್ತಸ್ರಾವಕ್ಕೆ ಒಳಪದರ ತೆಳುವಾಗಿ ಒಣಗುವುದು, ಪಾಲಿಪ್ ಎಂಬ ಸಣ್ಣ ಬೆಳವಣಿಗೆ ಮುಂತಾದ ಕಾರಣಗಳೇ ಹೆಚ್ಚು, ನೂರು ಹೆಂಗಸರಲ್ಲಿ ಸುಮಾರು 9 ಮಂದಿಗೆ ಒಳಪದರದ ಕ್ಯಾನ್ಸರ್ ಇರುತ್ತದೆ, ಮೈಭಾರ ಮತ್ತು ಸಕ್ಕರೆ ಕಾಯಿಲೆ ಇದ್ದವರಿಗೆ ಆ ಅಪಾಯ ಹೆಚ್ಚು. ಆದರೆ ಆ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ 90ರಷ್ಟು ಮಂದಿಗೆ ರಕ್ತಸ್ರಾವ ಕಾಣಿಸಿಕೊಳ್ಳುವುದರಿಂದ, ಕಂಡೊಡನೆ ಹೋದವರಲ್ಲಿ ಅದು ಬಹುಮಟ್ಟಿಗೆ ಗರ್ಭಕೋಶದೊಳಗೇ ಇರುವಾಗ ಸಿಗುತ್ತದೆ, ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಚೆನ್ನಾಗಿರುತ್ತದೆ.

ಪರೀಕ್ಷೆ ಎಂದರೆ ಮುಂಬಯಿಯ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಸಾಲು ಎಂಬ ಹೆದರಿಕೆ ಅತ್ತೆಯವರಿಗಿತ್ತು. ಬಂಧುವೊಬ್ಬರನ್ನು ಅಲ್ಲಿಗೆ ಕೊನೆಯ ಹಂತದಲ್ಲಿ ಕರೆದೊಯ್ದದ್ದನ್ನು ಅವರು ಕಂಡಿದ್ದರು. 1941ರಿಂದ ಇರುವ ಆಸ್ಪತ್ರೆಯ ಬಗ್ಗೆ ಇಂಥ ನೆನಪುಗಳು ನಮ್ಮ ಬಹಳ ಮನೆಗಳಲ್ಲಿವೆ. ಮೊದಲ ಹೆಜ್ಜೆಗೆ ಅಲ್ಲಿಯವರೆಗೆ ಹೋಗಬೇಕಿಲ್ಲ. ಹತ್ತಿರದ ಸ್ತ್ರೀರೋಗ ತಜ್ಞರ ಪರೀಕ್ಷೆ ಮತ್ತು ಸೋನೋಗ್ರಫಿ ಸಾಕು, ಒಳಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ಸಾಮಾನ್ಯವಾಗಿ ಅದರ ಚೂರನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ವೈದ್ಯರ ಮುಂದೆ ಆಡಬೇಕಾದ ಮೊದಲ ವಾಕ್ಯವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ: “ಮುಟ್ಟು ನಿಂತು 6 ವರ್ಷ, ಈಗ ರಕ್ತ ಹೋಗುತ್ತಿದೆ.” ಇದು ಅತಿಯೆನಿಸಬಹುದು. ಆದರೆ ಹಿಂದೊಮ್ಮೆ ಅವರು ವೈದ್ಯರೊಬ್ಬರ ಬಳಿ ಸುಸ್ತು ಎಂದಷ್ಟೇ ಹೇಳಿ, ಕಬ್ಬಿಣದ ಮಾತ್ರೆ ತೆಗೆದುಕೊಂಡು ಮರಳಿದ್ದರು.

ಬಯಾಪ್ಸಿಯ ಫಲಿತಾಂಶವನ್ನು ಇಲ್ಲಿ ಬರೆಯುವುದಿಲ್ಲ. ಒಳ್ಳೆಯದಾಗಿದ್ದರೆ ಸುಮ್ಮನೆ ಹೆದರಿಸಿದರು ಎನ್ನುವವರಿದ್ದಾರೆ, ಕೆಟ್ಟದಾಗಿದ್ದರೆ ಅದಕ್ಕೇ ಹೋಗಬಾರದು ಎನ್ನುವವರೂ ಇದ್ದಾರೆ. ಪರೀಕ್ಷೆಗೆ ಹೋಗಿ ಎಂಬ ಸಲಹೆ ಎರಡರಲ್ಲೂ ಅದೇ. ಕೊನೆಯ ಭೇಟಿಯಲ್ಲಿ ಸೊಸೆ, ವರದಿ ಸರಿಯಾಗಿದ್ದೂ ಮತ್ತೆ ರಕ್ತ ಕಂಡರೆ ಏನು ಮಾಡಬೇಕು ಎಂದು ಕೇಳಿದರು. ಹಳೆಯ ವರದಿಯನ್ನು ನೆಚ್ಚಿ ಕೂರದೆ, ಅದನ್ನೂ ಜೊತೆಗೆ ಹಿಡಿದುಕೊಂಡು ಮತ್ತೆ ಹೋಗಬೇಕು, ಕಂಡ ದಿನಾಂಕಗಳನ್ನು ಬರೆದಿಡಬೇಕು ಎಂದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬೇಡ, ಮಗ ನೋಡುತ್ತಾನೆ ಎಂದರು ಅತ್ತೆ. ಸೊಸೆ ತಮ್ಮ ಮೊಬೈಲಿನಲ್ಲಿ ಬರೆದುಕೊಂಡರು.