ಅನುವಾದದ ಕೆಲಸ ಕಡಿಮೆಯಾಗುತ್ತಿರುವ ಕನ್ನಡ ಕಾಪಿರೈಟರ್‌ಗೆ

ಹದಿನೈದು ವರ್ಷ ಇಂಗ್ಲಿಷ್ ಜಾಹೀರಾತುಗಳನ್ನು ಕನ್ನಡಕ್ಕೆ ತಂದ ನೀವು, ಯಂತ್ರಾನುವಾದ ಬಂದ ಮೇಲೂ ಈ ವೃತ್ತಿಯಲ್ಲಿ ಉಳಿಯಲು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ, ಆದರೆ ಅನುವಾದಕರಾಗಿ ಅಲ್ಲ, ಕನ್ನಡದಲ್ಲೇ ಯೋಚಿಸಿ ಬರೆಯುವವರಾಗಿ.

‘ನಿಮ್ಮ ಕುಟುಂಬವು ಅತ್ಯುತ್ತಮವಾದುದಕ್ಕೆ ಅರ್ಹವಾಗಿದೆ’ ಎಂಬ ಸಾಲು ವ್ಯಾಕರಣಕ್ಕೆ ಸರಿಯಾದರೂ ಯಾವ ಮನೆಯಲ್ಲೂ ಯಾರೂ ಹಾಗೆ ಮಾತನಾಡುವುದಿಲ್ಲ. ‘ಮನೆಮಂದಿಗೆ ಯಾವುದೂ ಕಡಿಮೆಯಾಗಬಾರದು’ ಎಂದಾಗ ಅದು ತಾಯಿಯೊಬ್ಬರ ಮಾತಾಗುತ್ತದೆ. ಈ ವ್ಯತ್ಯಾಸವನ್ನು ಕಿವಿಯಿಂದಲೇ ಗುರುತಿಸುವ ನಿಮ್ಮ ಶಕ್ತಿಗೆ ಈಗಲೂ ಬೆಲೆಯಿದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಕಲಿಯಬೇಕಾದದ್ದು ಹೊಸ ಅಳತೆಗಳನ್ನು. ಯೂಟ್ಯೂಬಿನ ಸ್ಕಿಪ್ ಮಾಡಬಹುದಾದ ಜಾಹೀರಾತನ್ನು ನೋಡುಗರು 5 ಸೆಕೆಂಡುಗಳ ನಂತರ ದಾಟಿ ಹೋಗಬಹುದು, ಸ್ಕಿಪ್ ಮಾಡಲಾಗದ ಕಿರು ಜಾಹೀರಾತಾದ ಬಂಪರ್‌ಗಂತೂ ಹೆಚ್ಚೆಂದರೆ ಇರುವುದೇ 6 ಸೆಕೆಂಡು. ವಿಭಕ್ತಿ, ಕ್ರಿಯಾಪ್ರತ್ಯಯಗಳು ಅಂಟಿಕೊಂಡು ಉದ್ದವಾಗುವ ನಮ್ಮ ಪದಗಳಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚನ್ನು ಅಷ್ಟರಲ್ಲಿ ಹಿಡಿಸುವುದು ಕಷ್ಟ. ನಿಮ್ಮ ಹಳೆಯ 30 ಸೆಕೆಂಡಿನ ರೇಡಿಯೊ ಜಾಹೀರಾತುಗಳಲ್ಲಿ ಮೂರನ್ನು ಆರಿಸಿ, 6 ಸೆಕೆಂಡಿಗೆ ಇಳಿಸಿ, ಗಟ್ಟಿಯಾಗಿ ಓದಿ, ಗಡಿಯಾರ ಹಿಡಿದು ನೋಡಿ. ಒಂದನ್ನು ಧಾರವಾಡದ ಮಾತಿನಲ್ಲಿ, ಇನ್ನೊಂದನ್ನು ಮಂಗಳೂರಿನ ಮಾತಿನಲ್ಲಿ ಬರೆದು, ಆಯಾ ಊರಿನವರಿಂದಲೇ ತಿದ್ದಿಸಿಕೊಳ್ಳಿ. ಮುಂದಿನ ಸಂದರ್ಶನಕ್ಕೆ ಹಳೆಯ ಪತ್ರಿಕಾ ತುಣುಕುಗಳ ಬದಲು ಇವನ್ನೇ ಕೊಂಡೊಯ್ಯಿರಿ.